ಚೆನ್ನಾಗಿರುವವರು ಬರಲಿಲ್ಲ

ಮೊಮ್ಮಗಳ ಹಾಲಿನ ಬಾಟಲಿ, ನಿಪ್ಪಲ್ಲು ಕುದಿಸುವ ಕೆಲಸವನ್ನು ಮಗಳು ನನ್ನ ತಲೆಗೆ ಕಟ್ಟಿದ್ದಾಳೆ. "ಜೀವಮಾನವೆಲ್ಲ ಆಸ್ಪತ್ರೆ ಸಾಮಾನು ಕುದಿಸಿದವಳು ನೀನು, ನಿನ್ನಷ್ಟು ಚೆನ್ನಾಗಿ ಇನ್ಯಾರಿಗೆ ಬರುತ್ತಮ್ಮ" ಅಂತ ಮೇಲೊಂದು ಬೆಣ್ಣೆ ಮಾತು ಬೇರೆ. ಮಂಡ್ಯದ ಅವಳ ಅಡುಗೆಮನೆಯಲ್ಲಿ ನೀರು ಮರಳಿ, ಆವಿಯ ಜೊತೆ ಆ ಬಿಸಿ ಸಿಲಿಕೋನಿನ ವಾಸನೆ ಎದ್ದರೆ ಸಾಕು, ನನಗೆ ಸಿಟ್ಟು ಬರುತ್ತದೆ. ರಬ್ಬರಿನದೂ ಅಲ್ಲ, ಪ್ಲಾಸ್ಟಿಕ್ಕಿನದೂ ಅಲ್ಲ, ಬಲು ಸಣ್ಣ ವಾಸನೆ. ಮಗಳಿಗೆ ಗೊತ್ತೇ ಆಗುವುದಿಲ್ಲ. "ಯಾಕಮ್ಮ ಮುಖ ಗಂಟು ಹಾಕ್ಕೊಂಡಿದೀಯ?" ಅನ್ನುತ್ತಾಳೆ. ಏನಿಲ್ಲ ಅನ್ನುತ್ತೇನೆ. ಏನಿಲ್ಲ ಅನ್ನುವುದು ನಮ್ಮ ಕಡೆ ಹೆಂಗಸರಿಗೆ ನೀರು ಕುಡಿದಷ್ಟೇ ಸಲೀಸು. ಆ ವರ್ಷ ನಮ್ಮನ್ನೆಲ್ಲ ಮುಗಿಸಿದ್ದೂ ಅದೇ ಮಾತು.

ಆಗ ನಾನು ಸರ್ಕಾರಿ ನರ್ಸ್ ಕೆಲಸದಿಂದ ನಿವೃತ್ತಳಾಗಿ ಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದೆ. ಮದ್ದೂರಿನಿಂದ ಶಾಹೀನಾ ಅನ್ನುವ ಹುಡುಗಿ ಹುಡುಕಿಕೊಂಡು ಬಂದಳು. ಮದ್ದೂರಿನಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದ ಅನ್ವರ್ ಸಾಬರ ಮಗಳು, ಮಂಡ್ಯದಲ್ಲಿ ಇಂಜಿನಿಯರಿಂಗ್ ಓದಿದವಳು. ಬಂದವಳೇ ಬ್ಯಾಗಿನಿಂದ ಒಂದು ಬಿಳೀ ಸಿಲಿಕೋನ್ ರಿಂಗು ತೆಗೆದು ನನ್ನ ಅಂಗೈಗೆ ಹಾಕಿದಳು. ಬಳೆಯಷ್ಟು ಅಗಲ, ಹಿಸುಕಿದರೆ ಮಡಚಿಕೊಳ್ಳುತ್ತಿತ್ತು, ಬಿಟ್ಟರೆ ಬಿಚ್ಚಿಕೊಳ್ಳುತ್ತಿತ್ತು.

"ಇದೇನು ಅಂತ ನಿಮಗೆ ಹೇಳಬೇಕಾ ಸಿಸ್ಟರ್?" ಅಂದಳು.

ಹೇಳಬೇಕಾಗಿರಲಿಲ್ಲ. ಹೆರಿಗೆ ಮೇಲೆ ಹೆರಿಗೆ, ಬಾಣಂತನ ಮುಗಿಯುವ ಮೊದಲೇ ತಲೆ ಮೇಲೆ ಹುಲ್ಲಿನ ಹೊರೆ, ಕಬ್ಬಿನ ಹೊರೆ. ಗರ್ಭಕೋಶವನ್ನು ಹಿಡಿದಿಡುವ ಮಾಂಸಖಂಡ ಸಡಿಲವಾಗಿ ಅದು ಜಾರುತ್ತದೆ. ನಮ್ಮ ಹೆಂಗಸರು ಇದಕ್ಕೆ ಹೆಸರೂ ಇಟ್ಟಿಲ್ಲ, "ಕೆಳಕ್ ಬತ್ತದೆ" ಅಂತಾರೆ, ಅದೂ ಪಕ್ಕದವಳ ಕಿವಿಯಲ್ಲಿ. ನನ್ನ ಸರ್ವಿಸ್ಸಿನಲ್ಲಿ ಇಂಥವರನ್ನು ಎಷ್ಟು ಜನ ನೋಡಿದ್ದೇನೋ ದೇವರೇ ಬಲ್ಲ. ಆಪರೇಷನ್ ಮಾಡಿಸಿಕೊಂಡರೆ ತಿಂಗಳುಗಟ್ಟಲೆ ಭಾರ ಎತ್ತುವ ಹಾಗಿಲ್ಲ, ಎತ್ತದಿದ್ದರೆ ಮನೆ ನಡೆಯುವುದಿಲ್ಲ. ಹಾಗಾಗಿ ಸಹಿಸಿಕೊಂಡು ಇದ್ದುಬಿಡುತ್ತಾರೆ. ರಿಂಗು ಹಾಕಿ ಗರ್ಭಕೋಶವನ್ನು ಮೇಲೆ ನಿಲ್ಲಿಸುವುದು ಹೊಸ ವಿದ್ಯೆಯೇನಲ್ಲ, ಆದರೆ ಅದನ್ನು ತೆಗೆಯಲು, ತೊಳೆಯಲು ಸಲ ಸಲಕ್ಕೂ ಡಾಕ್ಟರ ಹತ್ತಿರ ಓಡಬೇಕಿತ್ತು. ಶಾಹೀನಾ ತನ್ನ ರಿಂಗಿಗೆ ಒಂದು ಚಿಕ್ಕ ಕುಣಿಕೆ ಇಟ್ಟಿದ್ದಳು. ಹೆಂಗಸು ತಾನೇ ಬೆರಳು ತೂರಿಸಿ ಎಳೆದು, ತೊಳೆದು, ಮತ್ತೆ ಹಾಕಿಕೊಳ್ಳಬಹುದು. ಅದರ ಮೊದಲನೇ ಅಚ್ಚು ಮಾಡಿದ್ದು ಅಪ್ಪನ ಅಂಗಡಿಯಲ್ಲೇ. ತಾಯಿಗೆ ಈ ತೊಂದರೆ ಇತ್ತು ಅಂತ ಅವಳಿಗೆ ಗೊತ್ತಾದದ್ದು ತಾಯಿಯ ಆಪರೇಷನ್ ಆದ ದಿನವಂತೆ. ಇಂಥ ಹೊಸ ಸಾಧನಗಳಿಗೆ ದುಡ್ಡು ಕೊಡುವ ಬೆಂಗಳೂರಿನ ಒಂದು ಸಂಸ್ಥೆ ಅವಳನ್ನು ಆರಿಸಿಕೊಂಡಿತ್ತು. ಮದ್ದೂರು, ಮಳವಳ್ಳಿ ಎರಡು ತಾಲ್ಲೂಕಿನಲ್ಲಿ ನಾಟಿಯಿಂದ ಕೊಯ್ಲಿನವರೆಗೆ ಪ್ರಯೋಗ. ಫಲ ಕಂಡರೆ ಇಡೀ ಜಿಲ್ಲೆಗೆ, ಆಮೇಲೆ ರಾಜ್ಯಕ್ಕೆ. ಹೆಂಗಸರ ಮೈ ಮುಟ್ಟಿ ಅಭ್ಯಾಸವಿರುವ, ಅವರ ಮಾತು ತಿಳಿಯುವ ನರ್ಸ್ ಬೇಕಿತ್ತು ಅವಳಿಗೆ. ನಾನು ಸೊಪ್ಪು ಪಕ್ಕಕ್ಕಿಟ್ಟು ಎದ್ದೆ.

ಆ ವರ್ಷ ಮಳೆ ತಡವಾಗಿ ಹಿಡಿದು, ಹಿಡಿದದ್ದು ಬಿಡಲೇ ಇಲ್ಲ. ನಾಲೆಗೆ ನೀರು ಬಿಟ್ಟ ವಾರವೇ ಚಿಕ್ಕರಸಿನಕೆರೆ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ಕೋಣೆ ತೆರೆಯಿತು. ಒಂದು ಮಂಚ, ಒಂದು ಪರದೆ, ರಿಂಗು ಕುದಿಸುವ ಒಂದು ಪಾತ್ರೆ, ಸಂಸ್ಥೆಯವರು ಕೊಟ್ಟ ಒಂದು ಟ್ಯಾಬು. ಮೊದಲ ದಿನ ಯಾರೂ ಬರಲಿಲ್ಲ. ಎರಡನೇ ದಿನ ಬಂದವಳು ಚಿಕ್ಕತಾಯಮ್ಮ.

ಅವಳು ನಾಟಿ ಗುಂಪಿನ ಮುಂದಾಳು. ಯಾರ ಗದ್ದೆ ಯಾವತ್ತು, ಎಷ್ಟು ಜನ, ಎಲ್ಲ ಅವಳ ನಾಲಗೆ ಮೇಲೆ. ದೊಡ್ಡ ದೊಡ್ಡ ಜಮೀನುದಾರರೂ ಅವಳ ಮನೆ ಮುಂದೆ ನಿಂತು "ನಮ್ದೊಂದ್ ಗದ್ದೆ ಮುಗ್ಸ್‌ಕೊಡವ್ವ" ಅಂತ ಕೇಳಬೇಕು. ನೇರವಾಗಿ ಒಳಗೆ ಬಂದು, ಬಾಗಿಲು ಹಾಕಿ, ಚಿಲಕ ಸರಿಯಾಗಿ ಬಿತ್ತಾ ಅಂತ ಎಳೆದು ನೋಡಿ, ಆಮೇಲೆ ಮಾತಾಡಿದಳು.

"ಬಗ್ಗಿದ್ರೆ ಕೆಳಕ್ ಬತ್ತದೆ ಕಣ್ ಸಿಸ್ಟ್ರಮ್ಮ. ಎದ್ದು ನಿಂತ್ರೂ ಬತ್ತದೆ. ಓದ್ ವರ್ಸ ಎಂಗೋ ತಳ್ದೆ. ಈ ವರ್ಸ ಆಗಾಕಿಲ್ಲ ಅನ್ಸ್ತದೆ. ನಾನ್ ನಿಂತೋದ್ರೆ ನನ್ ಗುಂಪು ಚದ್ರೋಯ್ತದೆ."

"ಮನೇಲಿ ಗೊತ್ತಾ?"

"ಯಾರ್‌ಗ್ ಏಳಾನ? ಗಂಡುಂಗಾ?" ಅಂದು ನನ್ನನ್ನೇ ದಡ್ಡಿ ಅನ್ನುವ ಹಾಗೆ ನೋಡಿದಳು.

ಅಳತೆ ನೋಡಿ ರಿಂಗು ಹಾಕಿದೆ. ಎದ್ದು ನಡೆ ಅಂದೆ, ನಡೆದಳು. ಕೆಮ್ಮು ಅಂದೆ, ಕೆಮ್ಮಿದಳು. ಕುಕ್ಕರಗಾಲಲ್ಲಿ ಕೂರು ಅಂದೆ, ಕೂತಳು, ಬಗ್ಗಿ ನಾಟಿ ಹಾಕುವ ಹಾಗೆ ನೆಲಕ್ಕೆ ಬೆರಳು ಊರಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟಳು. ಗೋಡೆ ತಾಗಿದ ಮೇಲೆ ನಿಂತು, ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ತೆಗೆಯುವುದು, ತೊಳೆಯುವುದು, ಹಾಕುವುದು ಎರಡು ಮೂರು ಸಲ ಅವಳ ಕೈಯಲ್ಲೇ ಮಾಡಿಸಿದೆ. ಹೊರಡುವಾಗ ನನ್ನ ಇಷ್ಟು ವರ್ಷದ ಸರ್ವಿಸ್ಸಿನಲ್ಲಿ ಎಲ್ಲರಿಗೂ ಹೇಳಿದ ಮಾತನ್ನೇ ಹೇಳಿದೆ. "ತಿಂಗಳು ಬಿಟ್ಟು ಬಂದು ತೋರಿಸ್ಕೊ ಚಿಕ್ಕತಾಯಮ್ಮ. ನೋವು, ನವೆ, ಒಂದಕ್ಕೆ ಕಟ್ಟಿಕೊಳ್ಳೋದು, ಏನೇ ತೊಂದ್ರೆ ಆದ್ರೂ ಬಂದ್ಬುಡು." ಅವಳ ಕಿವಿಗೆ ಬಿದ್ದದ್ದು ಆ ಕೊನೆಯ ಮಾತು ಒಂದೇ. ತಪ್ಪು ಅವಳದ್ದಲ್ಲ, ನಮ್ಮ ಕಡೆ ಆಸ್ಪತ್ರೆಗೆ ಹೋಗುವುದಕ್ಕೆ ಬೇರೆ ಕಾರಣವೇ ಇಲ್ಲ.

ಆಮೇಲೆ ಅವಳ ಗುಂಪಿನವರು ಒಬ್ಬೊಬ್ಬರಾಗಿ ಬಂದರು. ಒಬ್ಬಳಿಗೆ ತಲೆನೋವು, ಇನ್ನೊಬ್ಬಳಿಗೆ ಮಂಡಿನೋವು ಅಂತ ಹೊರಗೆ ಹೇಳಿಕೊಂಡು. ಮಳವಳ್ಳಿ ಕಡೆಯಿಂದ ಬಸ್ಸು ಹಿಡಿದು ಬಂದವರೂ ಇದ್ದರು. ಮುತ್ತತ್ತಿ ಆಂಜನೇಯನ ದರ್ಶನಕ್ಕೆ ಅಂತ ಮನೆಯಲ್ಲಿ ಹೇಳಿ ಇಲ್ಲಿಗೆ ಬಂದ ಅತ್ತೆ ಸೊಸೆಯ ಜೋಡಿಯೂ ಒಂದಿತ್ತು, ಇಬ್ಬರಿಗೂ ರಿಂಗು ಬೇಕಿತ್ತು. ಶಾಹೀನಾ ಸಂಜೆ ಹೊತ್ತು ಬಂದು ಖಾಲಿಯಾದ ಡಬ್ಬ ನೋಡಿ ಕೂತಲ್ಲೇ ನಗುತ್ತಿದ್ದಳು. ಆ ಹುಡುಗಿ ಹಾಗೆ ನಕ್ಕಿದ್ದನ್ನು ಆಮೇಲೆ ನಾನು ನೋಡಲಿಲ್ಲ.

ನಾಟಿ ಜೋರು ಹಿಡಿಯಿತು. ತಿಂಗಳು ತುಂಬಿತು. ಪುನಃ ಪರೀಕ್ಷೆಗೆ ಸಂಸ್ಥೆಯವರು ಬುಧವಾರ ಗೊತ್ತು ಮಾಡಿದ್ದರು. ಸೋಮವಾರ ಮಾಡಿ, ನಮ್ಮ ಕಡೆ ಸೋಮವಾರ ಎತ್ತಿಗೆ ನೇಗಿಲು ಕಟ್ಟಲ್ಲ, ಇನ್ನೂ ಕೆಲವರು ಅವತ್ತು ಗದ್ದೆಗೆ ಇಳಿಯಲ್ಲ, ಒಂದಿಷ್ಟು ಜನವಾದರೂ ಬರ್ತಾರೆ ಅಂದೆ. "ಸೋಮವಾರ ನಮಗೆ ರಿವ್ಯೂ ಮೀಟಿಂಗ್ ಇರುತ್ತಲ್ಲ ಸಿಸ್ಟರ್" ಅಂದರು ಸಂಸ್ಥೆಯ ಕಡೆಯಿಂದ ನಮ್ಮ ಪ್ರಯೋಗ ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಮೇಡಂ. ಬುಧವಾರ ಬೆಳಗ್ಗೆಯಿಂದ ಸಂಜೆವರೆಗೆ ಕಾದು ಕೂತೆ. ಬಂದವರು ಮೂರೇ ಜನ. ಒಬ್ಬಳಿಗೆ ಅಳತೆ ಸರಿಹೋಗಿರಲಿಲ್ಲ, ಒಬ್ಬಳಿಗೆ ನವೆ, ಒಬ್ಬಳಿಗೆ ಮೂತ್ರ ಕಟ್ಟಿತ್ತು. ಸರಿ ಮಾಡಿ ಕಳಿಸಿದೆ, ಟ್ಯಾಬಿನಲ್ಲಿ ತುಂಬಿದೆ. ಮಿಕ್ಕವರ ಹೆಸರೆಲ್ಲ ತಾವಾಗಿಯೇ ಕೆಂಪಗಾದವು. "ಸಂಪರ್ಕ ತಪ್ಪಿದವರು" ಅಂತ. ಹಾಗಾಗಿ ಆ ಟ್ಯಾಬು ಬಿಚ್ಚಿದರೆ ಕಾಣುತ್ತಿದ್ದದ್ದು ಎರಡೇ ಬಗೆಯ ಹೆಂಗಸರು, ರಿಂಗಿನಿಂದ ತೊಂದರೆಯಾದವರು ಮತ್ತು ನಾಪತ್ತೆಯಾದವರು.

ನಾಪತ್ತೆ ಅಂತೆ. ಸ್ಕೂಟರ್ ಹತ್ತಿ ಹೋದರೆ ನಾಪತ್ತೆಯಾದವರೆಲ್ಲ ರಸ್ತೆ ಪಕ್ಕದ ಗದ್ದೆಯಲ್ಲೇ ಸಾಲಾಗಿ ಬಗ್ಗಿ ನಿಂತಿದ್ದರು. ಸೋನೆ ಹುಯ್ಯುತ್ತಿತ್ತು. ಬೆನ್ನ ಮೇಲೆ ಗೊಬ್ಬರದ ಚೀಲ ಮುಸುಕು ಹಾಕಿಕೊಂಡು, ಪೈರು ಊರುತ್ತ ಹಿಂದಕ್ಕೆ ಬರುತ್ತಿದ್ದರು. ಆ ಸಾಲಿನ ತುದಿಯಲ್ಲಿ ಚಿಕ್ಕತಾಯಮ್ಮ. ನಾನು ಬದುವಿನ ಮೇಲೆ ಕೊಡೆ ಹಿಡಿದು ನಿಂತು, ಯಾಕೆ ಬರಲಿಲ್ಲ ಅಂತ ರೇಗಿದೆ.

ತಲೆ ಎತ್ತಲಿಲ್ಲ ಅವಳು. "ಚೆನ್ನಾಗಿವ್ನಿ ಕಣ್ ಸಿಸ್ಟ್ರಮ್ಮ. ಚೆನ್ನಾಗಿರೋಳು ಆಸ್ಪತ್ರೆಗ್ ಬಂದು ಏನ್ ಮಾಡ್ಲಿ? ತೊಂದ್ರೆ ಆದ್ರೆ ಬಾ ಅಂದೋಳು ನೀನೇ ಅಲ್ವಾ?"

ಸರಿ, ಇಲ್ಲೇ ತುಂಬಿಬಿಡೋಣ ಅಂತ ಟ್ಯಾಬು ತೆಗೆದರೆ, ಕೇಂದ್ರದಿಂದ ದೂರವಿದ್ದೀರಿ, ಇಲ್ಲಿಂದ ದಾಖಲಿಸಲಾಗದು ಅಂತ ತೋರಿಸಿತು. ಎಲ್ಲೋ ಯಾರೋ ಮನೆಯಲ್ಲಿ ಕೂತು ಸುಳ್ಳು ತುಂಬಿದ್ದರಂತೆ, ಅದಕ್ಕೆ ಈ ಕಟ್ಟುಪಾಡು. ಎದುರಿಗೇ ಅಷ್ಟೂ ಹೆಂಗಸರು ಬಗ್ಗಿ ಕೆಲಸ ಮಾಡುತ್ತಿದ್ದಾರೆ, ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಮಳೆಯಲ್ಲಿ ಆ ಹಾಳಾದ ಟ್ಯಾಬನ್ನು ನಾಲೆಗೆ ಎಸೆದುಬಿಡುವಷ್ಟು ಕೋಪ ಬಂದಿತ್ತು. ಸೆರಗಲ್ಲಿ ಒರೆಸಿ ಬ್ಯಾಗಿಗೆ ಹಾಕಿಕೊಂಡೆ.

ಬೆಂಗಳೂರಿಗೆ ಫೋನ್ ಮಾಡಿ ಕೂಗಾಡಿದೆ. ಮೇಡಂ ಕೆಟ್ಟವರಲ್ಲ, ಅದೂ ಒಂದು ಸಂಕಟ. "ಸಿಸ್ಟರ್, ನಾನು ನಂಬ್ತೀನಿ. ಆದರೆ ನನ್ನ ನಂಬಿಕೆ ನೋಡಿ ಯಾರೂ ದುಡ್ಡು ಕೊಡಲ್ಲ. ಅವರು ಕೇಳೋದು ಎಷ್ಟು ಜನ ವಾಪಸ್ ಬಂದು ತೋರಿಸ್ಕೊಂಡ್ರು ಅಂತ" ಅಂದರು. ನಿಮ್ಮ ಹೆಂಗಸರ ಬಾಯಲ್ಲೇ ಹೇಳಿಸಿ, ವಿಡಿಯೋ ಮಾಡೋಣ, ಅದಾದರೂ ಮೇಲಿನವರ ಕಣ್ಣಿಗೆ ಬೀಳಲಿ ಅಂತ ಅವರೇ ದಾರಿ ತೋರಿಸಿದರು. ಹೋದ ಜೀವ ಬಂದ ಹಾಗಾಯಿತು. ಗದ್ದೆ ಗದ್ದೆ ತಿರುಗಿ, ಚಿಕ್ಕತಾಯಮ್ಮನಿಂದ ಹಿಡಿದು ಆರು ಜನರನ್ನು ಒಪ್ಪಿಸಿದೆ. ಎಲ್ಲರೂ "ಬುಡು, ಏಳ್ತೀವಿ" ಅಂದರು.

ದಸರಾ ಕಳೆದ ಮೇಲೆ ಒಂದು ಬೆಳಗ್ಗೆ ಮೇಡಂ ಬಂದರು, ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬ ಗಂಡಸು. ಗಂಡಸೊಬ್ಬ ಬರುತ್ತಾನೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಬೆಳಕು ಚೆನ್ನಾಗಿದೆ ಅಂತ ಅವನು ಜಾಗ ಆರಿಸಿದ್ದು ಹಾಲಿನ ಡೈರಿಯ ಮುಂದೆ. ಹಾಲು ಹಾಕಲು ಬಂದವರೆಲ್ಲ ಕ್ಯಾನು ಇಟ್ಟುಕೊಂಡು ಅಲ್ಲೇ ನಿಂತರು. ಆರು ಹೆಂಗಸರು ಒಗೆದ ಸೀರೆ ಉಟ್ಟು ಬೆಂಚಿನ ಮೇಲೆ ಕೂತಿದ್ದರು.

"ಅಮ್ಮಾ, ಮೊದಲು ನೀವು ಹೇಗಿದ್ರಿ?" ಅಂತ ಮೇಡಂ ಕೇಳಿದರು.

"ಚೆನ್ನಾಗಿದ್ದೋ" ಅಂದಳು ಚಿಕ್ಕತಾಯಮ್ಮ.

"ಈಗ ಹೇಗಿದೀರಿ?"

"ಈಗ್ಲೂ ಚೆನ್ನಾಗಿವಿ."

"ಹಾಗಾದ್ರೆ ಏನು ಬದಲಾವಣೆ ಆಯ್ತು?"

ಆರೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಏನಿಲ್ವಲ್ಲ" ಅಂದಳು ಚಿಕ್ಕತಾಯಮ್ಮ, ಮೇಲೆ ಮರ್ಯಾದೆಗೆ, "ಕಾಪಿ ಕುಡೀತೀರಾ?" ಅಂತ ಸೇರಿಸಿದಳು.

ಕಾರು ಹೋದ ಮೇಲೆ ಅವಳನ್ನು ಕೋಣೆಗೆ ಕರೆದು ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ನಿನ್ನ ಬಾಯಿಂದ ಒಂದು ಮಾತು ಬಂದಿದ್ದರೆ ಜಿಲ್ಲೆಗೆಲ್ಲ ಈ ರಿಂಗು ಸಿಗುತ್ತಿತ್ತು, ನಿನ್ನಂಥವರು ಎಷ್ಟು ಜನ ಉಳಿಯುತ್ತಿದ್ದರು, ಎಲ್ಲ ಹಾಳು ಮಾಡಿದೆ ಅಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಎಂಗವ್ವ ಏಳದು? ಆ ಗಂಡ್ಸು ಕ್ಯಾಮ್ರನ ಮಕಕ್ಕೇ ಇಡ್ದವ್ನೆ. ಊರಿಗ್ ಊರೇ ಆಲ್ ಆಕಕ್ ಬಂದು ನಿಂತದೆ. ನಮ್ಮುಡ್ಗಿಗೆ ಮಳವಳ್ಳಿ ಕಡೆಯಿಂದ ಗಂಡ್ ಬರೋರವ್ರೆ. ಅವ್ವಂಗೆ ಇಂಗಾಗದೆ ಅಂತ ಗೊತ್ತಾದ್ರೆ ಮಗ್ಳಿಗೂ ಆಯ್ತದೆ ಅನ್ನಾಕಿಲ್ವಾ? ನೀನೊಬ್ಳೇ ಕೇಳಿದ್ರೆ ರಾತ್ರಿಗಂಟ ಏಳ್ತಿದ್ದೆ."

ಅವಳು ಹೇಳಿದ್ದು ಸರಿ. ಬೈದದ್ದನ್ನು ವಾಪಸ್ ತೆಗೆದುಕೊಳ್ಳಲು ಮಾತ್ರ ನನಗೆ ಬಾಯಿ ಬರಲಿಲ್ಲ, ನಾನೂ ಇದೇ ನೀರು ಕುಡಿದವಳು.

ಇದನ್ನೆಲ್ಲ ಹೇಳಿಕೊಳ್ಳಲು ಮದ್ದೂರಿಗೆ ಹೋದೆ. ಶಾಹೀನಾ ಅಪ್ಪನ ಅಂಗಡಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಅನ್ವರ್ ಸಾಬರು ಒಂದು ಬೈಕಿನ ಇಂಜಿನ್ ಬಿಚ್ಚಿ ಹರವಿಕೊಂಡು, ಕಿವಿ ಮಾತ್ರ ನಮ್ಮ ಕಡೆ ಇಟ್ಟಿದ್ದರು. ಎಲ್ಲ ಕೇಳಿಯಾದ ಮೇಲೆ ಕೈ ಒರೆಸಿಕೊಂಡು, "ಇದೇನ್ ಸಿಸ್ಟರ್, ನನಗೆ ಅರ್ಥ ಆಗಲ್ಲ. ರಿಪೇರಿ ಚೆನ್ನಾಗಾದ ಗಾಡಿ ವಾಪಸ್ ಬರಲ್ಲ. ವಾಪಸ್ ಬಂದ್ರೇ ನನಗೆ ಭಯ. ನಿಮ್ಮವರು ವಾಪಸ್ ಬಂದಿದ್ದನ್ನೇ ಎಣಿಸ್ತಾರಾ?" ಅಂದರು. ಶಾಹೀನಾ ಅದನ್ನೇ ಒಳ್ಳೇ ಇಂಗ್ಲಿಷಿನಲ್ಲಿ ಬರೆದು, ನಾನು ಗದ್ದೆ ಬದುವಿನಲ್ಲಿ ನೋಟ್‌ಬುಕ್ಕಿಗೆ ಬರೆದುಕೊಂಡ ಹೆಸರುಗಳನ್ನೆಲ್ಲ ಜೋಡಿಸಿ ಕಳಿಸಿದಳು. ಉತ್ತರ ಬರಲು ಭತ್ತ ಹೊಡೆ ಬಿಚ್ಚಿ ಕಾಳು ಕಟ್ಟುವಷ್ಟು ಕಾಲ ಹಿಡಿಯಿತು. ಹೆಂಗಸರು ಬಳಕೆ ಮುಂದುವರಿಸುತ್ತಾರೆ ಎನ್ನಲು ಆಧಾರ ಸಾಲದು, ವಿಸ್ತರಣೆಗೆ ಯೋಗ್ಯವಲ್ಲ, ಶುಭವಾಗಲಿ. ಅಷ್ಟೇ. ಆ ದುಡ್ಡು ಮುಟ್ಟಿನ ದಿನ ನೆನಪಿಸುವ ಒಂದು ಮೊಬೈಲ್ ಆ್ಯಪಿಗೆ ಹೋಯಿತಂತೆ. ತಿಂಗಳು ತಿಂಗಳು ತೆರೆದು ನೋಡುತ್ತಾರಲ್ಲ, ಅದರಲ್ಲಿ ಯಾರೂ ನಾಪತ್ತೆಯಾಗುವುದಿಲ್ಲ. ನನಗೆ ಆ ಆ್ಯಪಿನ ಮೇಲೆ ಹಗೆಯಿಲ್ಲ. ಆದರೆ ಚಿಕ್ಕತಾಯಮ್ಮನಿಗೆ ಮುಟ್ಟು ನಿಂತು ಎಷ್ಟೋ ಕಾಲವಾಗಿತ್ತು.

ಹೋಗಲಿ, ಹಾಕಿಕೊಂಡವರಾದರೂ ಇಟ್ಟುಕೊಳ್ಳಲಿ ಅಂದುಕೊಂಡೆ. ಅದಕ್ಕೂ ಕಲ್ಲು ಬಿತ್ತು. ಪ್ರಯೋಗ ಮುಗಿದ ಮೇಲೆ ನೋಡಿಕೊಳ್ಳುವವರಿಲ್ಲದೆ ಸಾಧನವನ್ನು ಹೆಂಗಸರ ಮೈಯಲ್ಲಿ ಬಿಡುವಂತಿಲ್ಲ, ಒಂದೂ ಬಿಡದೆ ವಾಪಸ್ ಪಡೆದು ಒಪ್ಪಿಸಿ ಅಂತ ಕಾಗದ. ಏನಾದರೂ ಆದರೆ ಹೊಣೆ ಯಾರು ಅಂತ ಅವರ ಪ್ರಶ್ನೆ. ಪ್ರಶ್ನೆ ತಪ್ಪಲ್ಲ, ನರ್ಸಾಗಿ ನನಗದು ಗೊತ್ತು. ನಾನೇ ನೋಡಿಕೊಳ್ತೀನಿ, ಸಂಬಳ ಬೇಡ ಅಂದೆ. ನಿಯಮದಲ್ಲಿ ಅದಕ್ಕೆ ಜಾಗವಿಲ್ಲ ಅಂದರು. ಶಾಹೀನಾ ಇನ್ನೂ ಪರವಾನಗಿ ಸಿಗದ ವಸ್ತುವನ್ನು ತಾನಾಗಿ ಯಾರಿಗೂ ಕೊಡುವ ಹಾಗಿರಲಿಲ್ಲ. ಕಾಗದ ಓದಿ, ಅಪ್ಪನ ಅಂಗಡಿಯಲ್ಲಿದ್ದ ಆ ಮೊದಲನೇ ಅಚ್ಚನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದಳು.

ಆಶಾ ಕಾರ್ಯಕರ್ತೆಯ ಕೈಲಿ ಹೇಳಿಕಳಿಸಿದೆ, ಬರುವ ಬುಧವಾರ ಎಲ್ಲರೂ ರಿಂಗು ತಂದು ಒಪ್ಪಿಸಬೇಕು ಅಂತ. ಕೊಯ್ಲಿನ ಕಾಲ, ಒಣ ಚಳಿ, ಊರೆಲ್ಲ ಹುಲ್ಲಿನ ದೂಳು. ನಾಟಿ ಕಾಲದಲ್ಲಿ ಕೂಗಿ ಕೂಗಿ ಕರೆದರೂ ಬಾರದವರು ಅವತ್ತು ಬೆಳಗ್ಗೆಯಿಂದ ಸಾಲುಗಟ್ಟಿ ಬಂದರು. ತೊಳೆದು, ಒರೆಸಿ, ಕೆಲವರು ಅರಿಶಿನದ ಪೊಟ್ಟಣದ ಹಾಗೆ ಕಾಗದದಲ್ಲಿ ಮಡಚಿ ತಂದಿದ್ದರು. ಯಾರೂ ಜಗಳ ಮಾಡಲಿಲ್ಲ. ಮುತ್ತತ್ತಿ ನೆಪದ ಆ ಅತ್ತೆ ಸೊಸೆಯೂ ಬಂದರು. "ಯಾಕಮ್ಮ, ನಾವೇನ್ ತಪ್ ಮಾಡಿದ್ವಾ?" ಅಂತ ಸೊಸೆ ಒಂದೇ ಒಂದು ಸಲ ಕೇಳಿದಳು. ಇಲ್ಲ ಕಣಮ್ಮ ಅಂದೆ. ಟ್ಯಾಬಿನಲ್ಲಿ ಒಂದೊಂದೇ ಹೆಸರು ಹಸಿರಾಗುತ್ತ ಬಂತು. ಸಂಜೆ ನಾಲ್ಕಕ್ಕೆ ಒಂದೇ ಹೆಸರು ಕೆಂಪಗೆ ಉಳಿದಿತ್ತು.

ಬರಬೇಡ ಕಣೇ ಅಂತ ಮನಸ್ಸಲ್ಲೇ ಅಂದುಕೊಂಡು ಕೂತೆ. ಅವಳೊಬ್ಬಳಾದರೂ ಮೊಂಡಾಟ ಮಾಡಲಿ, ಕೊಡಲ್ಲ ಅನ್ನಲಿ, ಅವಳು ಸಿಗಲಿಲ್ಲ ಅಂತ ನಾನು ಬರೆದು ಮುಗಿಸುತ್ತೇನೆ. ಐದಾಯಿತು. ಪಾತ್ರೆ ಒರೆಸಿಟ್ಟೆ, ಪರದೆ ಮಡಚಿದೆ. ಬೀಗ ಕೈಗೆ ತೆಗೆದುಕೊಂಡೆ.

ದೂರದಿಂದ ಓಡುನಡಿಗೆಯಲ್ಲಿ ಬರುತ್ತಿದ್ದಳು ಚಿಕ್ಕತಾಯಮ್ಮ. ತಲೆಯೆಲ್ಲ ಹೊಟ್ಟು, ಸೊಂಟದಲ್ಲಿ ಕುಡುಗೋಲು, ಏದುಸಿರು. ಕೋಣೆಯೊಳಕ್ಕೆ ಹೋಗಿ ಚಿಲಕ ಹಾಕಿಕೊಂಡು, ತಾನೇ ತೆಗೆದು, ಅಲ್ಲಿದ್ದ ನೀರಿನಲ್ಲಿ ತೊಳೆದು ತಂದಳು.

"ತಡ ಆಯ್ತು ಕಣವ್ವ, ಗದ್ದೆಯೋರು ಬುಡ್ನಿಲ್ಲ. ಆಶಾ ಏಳಿದ್ಲು, ಒಂದು ಕಮ್ಮಿ ಆದ್ರೂ ನಿನ್ ಕೆಲ್ಸ ಓಯ್ತದಂತೆ. ಅದ್ಕೇ ಓಡ್ಬಂದೆ."

"ಮುಂದಿನ ನಾಟಿಗೆ ಏನು ಮಾಡ್ತೀಯೆ?" ಅಂದೆ.

"ಅದೇನಾಯ್ತದೋ ಆಗ್ಲಿ ಬುಡು. ನನ್ನಿಂದ ನಿನ್ ಅನ್ನಕ್ಕೆ ಕಲ್ಲು ಬೀಳ್ಬಾರ್ದು. ತಕ್ಕೊ."

ನನ್ನ ಕೆಲಸ ಆ ಕಾಗದ ಬಂದ ದಿನವೇ ಹೋಗಿತ್ತು. ಅವಳು ಉಳಿಸುವುದಕ್ಕೆ ಏನೂ ಇರಲಿಲ್ಲ. ಇದನ್ನು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಇಟ್ಕೊಂಡು ಹೋಗು, ಕಳೆದುಹೋಯಿತು ಅಂತ ಬರೀತೀನಿ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಇಷ್ಟು ವರ್ಷ ಒಪ್ಪಿಸು ಅಂದದ್ದನ್ನು ಒಪ್ಪಿಸಿ ಒಪ್ಪಿಸಿ ಮರಗಟ್ಟಿದ ಕೈ ಇದು. ಮಾತು ಗಂಟಲಿಗೆ ಬರುವ ಮೊದಲೇ ತಾನಾಗಿ ಮುಂದೆ ಹೋಯಿತು. ಈಸ್ಕೊಂಡೆ. ಹಸಿರು ಬಟನ್ ಒತ್ತಿದೆ. ಅವಳು ಸೆರಗು ಬಿಗಿದುಕೊಂಡು, ಕಾಲು ಸ್ವಲ್ಪ ಅಗಲಿಸಿ, ನಿಧಾನವಾಗಿ ನಡೆದು ಹೋದಳು.